ಮೋರ್‌ಬಾತ್ ಪಾದ್ರಿಯ ಲೆಕ್ಕದ ಪುಸ್ತಕ

1534ರ ನವೆಂಬರ್ 20, ಸಂತ ಎಡ್ಮಂಡನ ಹಬ್ಬದ ರಾತ್ರಿ. ಇಂಗ್ಲೆಂಡಿನ ಡೆವನ್ ಸೀಮೆಯ ಮೋರ್‌ಬಾತ್ ಎಂಬ ಪುಟ್ಟ ಹಳ್ಳಿಯಲ್ಲಿ ಕಳ್ಳನೊಬ್ಬ ಏಣಿ ಹೊತ್ತು ಚರ್ಚಿನ ಬಳಿ ಬಂದ. ಏಣಿ ಹಾಕಿ ಮಾಡು ಹತ್ತಿದ, ಏಣಿಯನ್ನೂ ಮೇಲಕ್ಕೆಳೆದುಕೊಂಡ. ಅದನ್ನೇ ಗೋಪುರದ ಕಿಟಕಿಗೆ ಆನಿಸಿ, ಕಿಟಕಿ ಮುರಿದು, ಗಂಟೆಗಳಿದ್ದ ಕಡೆಗೆ ನುಗ್ಗಿದ. ಅಲ್ಲಿಂದ ಚರ್ಚಿನೊಳಕ್ಕೆ ಇಳಿದು ಚಕಮಕಿ ತೀಡಿ ಬೆಳಕು ಮಾಡಿಕೊಂಡ. ಎರಡು ಪೆಟ್ಟಿಗೆಗಳನ್ನು ಒಡೆದ. ಒಯ್ದದ್ದು ಎರಡೇ ವಸ್ತು: ಬಲಿಪೂಜೆಯ ಪಾನಪಾತ್ರೆ ಮತ್ತು ಸಂತ ಸಿಡ್ವೆಲ್‌ಳ ಬೆಳ್ಳಿಯ ಪಾದರಕ್ಷೆ. ಹೋಗುವಾಗ ಚಕಮಕಿ ಕಲ್ಲನ್ನೂ ಅದರ ಉಕ್ಕಿನ ತುಂಡನ್ನೂ ಅಲ್ಲೇ ಬಿಟ್ಟು ಹೋದ.

ಸುಮಾರು ಐದು ನೂರು ವರ್ಷಗಳ ಹಿಂದೆ ಮೂಲೆಯ ಹಳ್ಳಿಯೊಂದರಲ್ಲಿ ನಡೆದ ಕಳ್ಳತನ ಇಷ್ಟು ವಿವರವಾಗಿ ನಮಗೆ ತಿಳಿದಿರುವುದು ಆ ಊರ ಪಾದ್ರಿ ಅದನ್ನು ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ. ಆತನ ಹೆಸರು ಕ್ರಿಸ್ಟೋಫರ್ ಟ್ರಿಕಿ. ಹತ್ತಾರು ಮೈಲಿ ದೂರದ ಕಲ್ಮ್‌ಸ್ಟಾಕ್ ಊರಿನವನು. ಪಾದ್ರಿಗಳನ್ನು ಆಗ ಗೌರವದಿಂದ 'ಸರ್' ಎನ್ನುತ್ತಿದ್ದರು, ಹಾಗಾಗಿ ಊರವರಿಗೆ ಆತ ಸರ್ ಕ್ರಿಸ್ಟೋಫರ್. 1520ರಲ್ಲಿ ಮೋರ್‌ಬಾತಿಗೆ ಬಂದವನು 1574ರಲ್ಲಿ ಸಾಯುವ ತನಕ, 54 ವರ್ಷ, ಊರು ಬಿಟ್ಟು ಕದಲಲಿಲ್ಲ. ಇಂಗ್ಲೆಂಡಿನ ಧರ್ಮ ನಾಲ್ಕು ಸಲ ಮಗ್ಗುಲು ಬದಲಿಸಿದ್ದು ಇದೇ ಅವಧಿಯಲ್ಲಿ. ಎಂಟನೆಯ ಹೆನ್ರಿ ರೋಮಿನ ಪೋಪನಿಂದ ಕಡಿದುಕೊಂಡ. ಅವನ ಮಗ ಆರನೆಯ ಎಡ್ವರ್ಡ್ ಹಳೆಯ ಆರಾಧನೆಯನ್ನೇ ಕಿತ್ತುಹಾಕಿದ. ಹೆನ್ರಿಯ ಮಗಳು ಮೇರಿ ಅದನ್ನು ಮರಳಿ ತಂದಳು. ಇನ್ನೊಬ್ಬ ಮಗಳು ಎಲಿಜಬೆತ್ ಮತ್ತೆ ತೆಗೆದಳು. ರಾಜಧಾನಿಯಲ್ಲಿ ಈ ಬದಲಾವಣೆಗಳು ಕಾಯಿದೆಯಾಗಿ, ವಾದವಾಗಿ, ಶಿರಚ್ಛೇದವಾಗಿ ನಡೆದವು. ಮೋರ್‌ಬಾತಿನಲ್ಲಿ ಅವು ಪೆನ್ಸು ಶಿಲಿಂಗುಗಳ ಲೆಕ್ಕವಾಗಿ ನಡೆದವು. ಆ ಕಾಲವನ್ನು ಅರಿಯಲು ರಾಜರ ಕಥೆಗಿಂತ ಈ ಲೆಕ್ಕದ ಪುಸ್ತಕವನ್ನೇ ನಾನು ಹೆಚ್ಚು ನೆಚ್ಚುತ್ತೇನೆ.

ಎಕ್ಸ್‌ಮೂರ್ ಬೆಟ್ಟಬಯಲಿನ ದಕ್ಷಿಣದ ಅಂಚಿನಲ್ಲಿ, ಡೆವನ್ ಮತ್ತು ಸಾಮರ್‌ಸೆಟ್ ಸೀಮೆಗಳು ಕೂಡುವಲ್ಲಿ ಈ ಊರಿದೆ. ಟ್ರಿಕಿಯ ಕಾಲಕ್ಕೆ ಇಲ್ಲಿದ್ದದ್ದು 33 ಮನೆ, ಹೆಚ್ಚೆಂದರೆ 150 ಜನ. ಒತ್ತಾಗಿ ಕಟ್ಟಿದ ಕೇರಿಗಳಲ್ಲ, ಇಳಿಜಾರುಗಳಲ್ಲಿ ಚದುರಿದ ಒಂಟಿ ಹೊಲಮನೆಗಳು. ಜೀವನ ನಡೆಯುತ್ತಿದ್ದದ್ದು ಕುರಿಯಿಂದ, ಉಣ್ಣೆಯಿಂದ. ಟೈಮ್‌ವೆಲ್, ಮೋರ್ಸ್, ಸೀಲಿ, ನಾರ್ಮನ್, ಬೋರೇಜ್, ವೆಬ್ಬರ್ ಎಂಬ ಕೆಲವೇ ಮನೆತನಗಳು. ಒಂದೇ ಹೆಸರಿನವರು ಹಲವರಿದ್ದುದರಿಂದ ಯಾರು ಯಾರೆಂದು ತಿಳಿಯಲು ಹೆಸರಿನ ಜೊತೆ ಹೊಲದ ಹೆಸರನ್ನೂ ಹೇಳಬೇಕಾಗುತ್ತಿತ್ತು.

ಊರಿನ ನಡುವಣ ಚರ್ಚು ಸಂತ ಜಾರ್ಜನದು. ಆ ಕಾಲದ ಚರ್ಚನ್ನು ಭಾನುವಾರದ ಪ್ರಾರ್ಥನೆಯ ಜಾಗ ಎಂದಷ್ಟೇ ತಿಳಿದರೆ ತಪ್ಪಾಗುತ್ತದೆ. ಒಳಗೆ ಜಾರ್ಜ್, ಮಾತೆ ಮರಿಯ, ಸಂತ ಅಂತೋನಿ ಮೊದಲಾದವರ ಪ್ರತಿಮೆಗಳಿದ್ದವು. ಪ್ರತಿಮೆಯ ಮುಂದೆ ಮೇಣದ ದೀಪ ಉರಿಯಬೇಕು, ಅದಕ್ಕೆ ಖರ್ಚಿದೆ. ಖರ್ಚಿಗೆಂದು ಒಂದೊಂದು ನಿಧಿ, ಅವರ ಮಾತಿನಲ್ಲಿ 'ಸ್ಟೋರ್'. ಊರಿನ ಹುಡುಗರದ್ದೊಂದು ಸ್ಟೋರ್, ಹುಡುಗಿಯರದ್ದೊಂದು. ಪ್ರತಿಯೊಂದಕ್ಕೂ ವರ್ಷಕ್ಕೊಮ್ಮೆ ಆರಿಸಿದ ವಾರ್ಡನ್‌ಗಳು. ಹುಡುಗಿಯರ ನಿಧಿಯನ್ನು ಹುಡುಗಿಯರೇ ನಡೆಸುತ್ತಿದ್ದರು, ಲೆಕ್ಕವನ್ನೂ ಅವರೇ ಒಪ್ಪಿಸಬೇಕಿತ್ತು. ಇಡೀ ಚರ್ಚಿನ ದೊಡ್ಡ ವಾರ್ಡನ್ ಕೆಲಸವೂ ಮನೆಮನೆಗೆ ಸರದಿಯಲ್ಲಿ ಬರುತ್ತಿತ್ತು, ಗಂಡ ಸತ್ತಿದ್ದರೆ ವಿಧವೆಗೆ ಬರುತ್ತಿತ್ತು.

ಹಣ ಬರುತ್ತಿದ್ದ ದಾರಿ ಎರಡು. ಒಂದು ಚರ್ಚ್ ಏಲ್. ವಾರ್ಡನ್‌ಗಳು ಬಾರ್ಲಿಯಿಂದ ಏಲ್ ಎಂಬ ಬಿಯರ್ ಕಾಯಿಸಿ ಚರ್ಚಿಗೆ ಸೇರಿದ ಮನೆಯಲ್ಲಿ ಊರೂಟ ಇಡುತ್ತಿದ್ದರು. ನೆರೆಯೂರಿನವರೂ ಬಂದು ಕುಡಿದು ತಿಂದು ಕಾಸು ಕೊಟ್ಟು ಹೋಗುತ್ತಿದ್ದರು. ಇನ್ನೊಂದು ಕುರಿ. ಸಂತರ ಹೆಸರಿನಲ್ಲಿ ಬಿಟ್ಟ ಕುರಿಗಳನ್ನು ಒಂದೇ ಮಂದೆಯಾಗಿ ಇಡದೆ ಒಂದೊಂದು ಮನೆಯ ಹಿಂಡಿನಲ್ಲಿ ಒಂದೊಂದರಂತೆ ಸೇರಿಸುತ್ತಿದ್ದರು. ಮೇಯಿಸುವುದು ಮನೆಯವರ ಪಾಲು, ಉಣ್ಣೆ ಸಂತರ ಪಾಲು. ಪ್ರತಿ ವರ್ಷ ಯಾರ ಮನೆಯ ಕುರಿ ಸತ್ತಿತು, ಯಾವುದನ್ನು ಮಾರಿದರು, ಯಾವುದು ಮರಿ ಹಾಕಿತು, ಎಲ್ಲವನ್ನೂ ಟ್ರಿಕಿ ಹೆಸರು ಹಿಡಿದು ಬರೆಯುತ್ತಿದ್ದ. ಬಡವನೂ ತನ್ನ ಹಿತ್ತಲಲ್ಲಿ ಮಾತೆ ಮರಿಯಳ ಒಂದು ಕುರಿ ಸಾಕಿಕೊಂಡಿದ್ದ ಊರು ಅದು. ದೀಪದ ಮೇಣಕ್ಕಾಗಿ ಜೇನುಗೂಡನ್ನೇ ಚರ್ಚಿಗೆ ಕೊಟ್ಟವರಿದ್ದರು.

ಲೆಕ್ಕ ಒಪ್ಪಿಸುವ ದಿನ ಊರೆಲ್ಲ ಸೇರುತ್ತಿತ್ತು. ಅಕ್ಷರ ಬಲ್ಲವನು ಪಾದ್ರಿ, ಆತನೇ ಎದ್ದು ನಿಂತು ಜೋರಾಗಿ ಓದುತ್ತಿದ್ದ. ಈ ಬರಹ ಕಿವಿಗಾಗಿ ಹುಟ್ಟಿದ್ದು. ಡೆವನ್ ಸೀಮೆಯ ಬಾಯಿಮಾತು ಹೇಗೆ ಕೇಳಿಸುತ್ತದೋ ಹಾಗೇ ಕಾಗುಣಿತ, ನಡುನಡುವೆ ಲ್ಯಾಟಿನ್ ತುಣುಕು. ಯಾರು ಏನು ಕೊಟ್ಟರೆಂದು ಹೇಳುವಾಗ ಅವರ ಒಳ್ಳೆಯತನವನ್ನು ಎತ್ತಿ ಹೇಳುತ್ತಾನೆ, ಸತ್ತವರಿಗಾಗಿ ಪ್ರಾರ್ಥಿಸಿರೆಂದು ನೆನಪಿಸುತ್ತಾನೆ, ಒಪ್ಪದವರಿದ್ದರೆ ಗದರುತ್ತಾನೆ. 1530ರ ದಶಕದಲ್ಲಿ ಚರ್ಚಿನ ಕ್ಲಾರ್ಕಿಗೆ ಯಾವ ಮನೆಯವರು ಎಷ್ಟು ಕೊಡಬೇಕು ಎಂಬ ಜಗಳ ವರ್ಷಗಟ್ಟಲೆ ಎಳೆಯಿತು. ಕೊಡಲೊಲ್ಲೆ ಎಂದವರು ಕೆಲವೇ ಜನ. ಬಹುಮತದಿಂದ ಅವರ ಬಾಯಿ ಮುಚ್ಚಿಸಿಬಿಡಬಹುದಿತ್ತು. ಆ ಊರಿನ ರೀತಿ ಹಾಗಿರಲಿಲ್ಲ. ಎಲ್ಲರೂ ಒಪ್ಪುವ ತನಕ ಕೂತು ಮಾತಾಡಬೇಕು. ಮುಖ್ಯ ವ್ಯವಹಾರಗಳನ್ನು ನೋಡಿಕೊಳ್ಳಲು 'ಐವರು' ಎಂದು ಕರೆಸಿಕೊಳ್ಳುವ ಹಿರಿಯರ ಗುಂಪಿತ್ತು. ಮುರಿದ ಮಾತನ್ನು ಕೂಡಿಸುವ ಕೆಲಸವೂ ಅವರದ್ದೇ. 33 ಮನೆಗಳಲ್ಲಿ ಒಂದು ಮನೆ ಮುನಿಸಿಕೊಂಡರೂ ಸಂತರ ಕುರಿ ಮೇಯಿಸುವವರು ಒಬ್ಬರು ಕಡಿಮೆಯಾಗುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಸಿಡ್ವೆಲ್‌ಳನ್ನು ಈ ಊರಿಗೆ ಕರೆತಂದವನು ಟ್ರಿಕಿಯೇ. ಆಕೆ ಡೆವನ್ನಿನ ದೊಡ್ಡ ಪಟ್ಟಣ ಎಕ್ಸಿಟರಿನ ಸಂತಳು. ಆಸ್ತಿಯಾಸೆಗೆ ಬಿದ್ದ ಮಲತಾಯಿ ಪೈರು ಕೊಯ್ಯುವವರಿಗೆ ಹೇಳಿ ಕುಡುಗೋಲಿನಿಂದ ಈ ಹುಡುಗಿಯ ತಲೆ ಕಡಿಸಿದಳು, ರಕ್ತ ಬಿದ್ದಲ್ಲಿ ನೀರಿನ ಸೆಲೆ ಎದ್ದಿತು ಎಂದು ಕಥೆ. ಎಳೆಯ ಪಾದ್ರಿ ತಾನು ಬಂದ ಮೊದಲ ವರ್ಷದಲ್ಲೇ ಆಕೆಯ ಪ್ರತಿಮೆಯನ್ನು ಚರ್ಚಿಗೆ ಕೊಟ್ಟ. ಊರಿನ ಹೆಂಗಸರು ಮೆಲ್ಲಗೆ ಅವಳನ್ನು ತಮ್ಮವಳನ್ನಾಗಿ ಮಾಡಿಕೊಂಡರು. ಸಾಯುವಾಗ ಒಬ್ಬಳು ಜಪಸರ ಬಿಟ್ಟಳು, ಇನ್ನೊಬ್ಬಳು ಮದುವೆಯುಂಗುರ ಬಿಟ್ಟಳು. ಇಂಥ ಬೆಳ್ಳಿಯೆಲ್ಲ ಕರಗಿ ಸಂತಳ ಕಾಲಿಗೆ ಪಾದರಕ್ಷೆಯಾಯಿತು. ಡೆವನ್ನಿನಲ್ಲಿ ಹೆಣ್ಣುಮಕ್ಕಳಿಗೆ ಸಿಡ್ವೆಲ್ ಎಂದೇ ಹೆಸರಿಡುತ್ತಿದ್ದರು. ಆ ರಾತ್ರಿ ಕಳ್ಳ ಒಯ್ದದ್ದು ಬೆಳ್ಳಿಯ ತೂಕಕ್ಕೆ ಸಣ್ಣದಿರಬಹುದು. ಆದರೆ ಅದರಲ್ಲಿ ಸತ್ತ ತಾಯಂದಿರ ಬೆರಳಿನುಂಗುರಗಳಿದ್ದವು.

ಮರುದಿನದಿಂದ ಊರ ಮುಂದಿದ್ದ ಚಿಂತೆ ಪಾನಪಾತ್ರೆಯದು. ಪಾತ್ರೆಯಿಲ್ಲದೆ ಬಲಿಪೂಜೆ ನಡೆಯದು. ಆಗ ಊರಿನ ಹುಡುಗ ಹುಡುಗಿಯರು ತಾವೇ ಕೂಡಿ, ತಮ್ಮತಮ್ಮಲ್ಲೇ ಹಣ ಎತ್ತಿ, ಹಿರಿಯರ ಮೇಲೆ ಒಂದು ಕಾಸಿನ ಭಾರವನ್ನೂ ಹಾಕದೆ ಹೊಸ ಪಾತ್ರೆ ತಂದರು. ಟ್ರಿಕಿ ಇದನ್ನು ಬರೆಯುವಾಗ ಅಭಿಮಾನ ಅಕ್ಷರದಲ್ಲೇ ಕಾಣಿಸುತ್ತದೆ.

ಅದೇ ವರ್ಷ ಲಂಡನ್ನಿನಲ್ಲಿ ಪಾರ್ಲಿಮೆಂಟು ಹೆನ್ರಿಯನ್ನು ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನೆಂದು ಸಾರಿತು. ಮೋರ್‌ಬಾತಿನ ಲೆಕ್ಕದಲ್ಲಿ ಅದರ ಸುಳಿವು ಬರಲು ಕೆಲವು ವರ್ಷ ಹಿಡಿಯಿತು. ಊರಿನ ಜಮೀನಿನ ಒಡೆತನ ಹತ್ತಿರದ ಎಕ್ಸ್ ನದಿಯ ಕಣಿವೆಯಲ್ಲಿದ್ದ ಬಾರ್ಲಿಂಚ್ ಮಠದ್ದು. ಸಣ್ಣ ಮಠಗಳನ್ನು ಮುಚ್ಚುವ 1536ರ ಕಾಯಿದೆಯ ಹೊಡೆತಕ್ಕೆ ಬಾರ್ಲಿಂಚ್ ಅಳಿಯಿತು, ಅದರ ಕಲ್ಲು ಗಾಜು ಕಬ್ಬಿಣ ಹರಿದು ಹಂಚಿಹೋಯಿತು. ಹ್ಯೂ ಪಾಲೆಟ್ ಎಂಬ ಪ್ರಭು ಮಠದ ಒಂದು ಗಾಜಿನ ಕಿಟಕಿಯನ್ನು ಕಲ್ಲು ಕಬ್ಬಿಣ ಸಮೇತ ಮೋರ್‌ಬಾತ್ ಚರ್ಚಿಗೆ ಕೊಟ್ಟ. ಊರವರು ಅದನ್ನು ಸಾಗಿಸಿ ತಂದು ಗೋಡೆಗೆ ಕೂಡಿಸಿದರು. ಹಾಳಾದ ಮಠದ ಬೆಳಕು ತಮ್ಮ ಚರ್ಚಿನೊಳಗೆ ಬೀಳುವಾಗ ಅವರಿಗೆ ಏನನ್ನಿಸಿತೋ. ಪುಸ್ತಕದಲ್ಲಿರುವುದು ಕೊಟ್ಟವನ ಹೆಸರು ಮತ್ತು ಖರ್ಚು.

1538ರಲ್ಲಿ ಬಂದ ಅರಸನ ಆಜ್ಞೆ ಪ್ರತಿಮೆಗಳ ಮುಂದೆ ದೀಪ ಹಚ್ಚಬಾರದೆಂದಿತು. ದೀಪವಿಲ್ಲದ ಮೇಲೆ ದೀಪದ ನಿಧಿಗಳಿಗೆ ಅರ್ಥವೇನು? ಸ್ಟೋರ್‌ಗಳು ಒಂದೊಂದಾಗಿ ಬತ್ತತೊಡಗಿದವು. ಆದರೂ ಸತ್ತವರಿಗಾಗಿ ಪೂಜೆ ಮಾಡುವುದನ್ನು ಹೆನ್ರಿ ನಿಲ್ಲಿಸಿರಲಿಲ್ಲ. ಟ್ರಿಕಿಯ ಬಾಳಿನ ದೊಡ್ಡ ಆಸೆಯೂ ಅದರ ಸುತ್ತಲೇ ಇತ್ತು.

ಸತ್ತವರ ಪೂಜೆಗೆ ಪಾದ್ರಿ ಕಪ್ಪು ಪೂಜಾವಸ್ತ್ರ ಉಡಬೇಕು. ಮೋರ್‌ಬಾತ್ ಚರ್ಚಿನಲ್ಲಿ ಒಪ್ಪವಾದ ಒಂದು ಜೊತೆ ಕಪ್ಪು ಉಡುಪು ಬೇಕೆಂದು ಆತ ಎಳೆಯ ವಯಸ್ಸಿನಲ್ಲೇ ಮನಸ್ಸು ಮಾಡಿದ್ದ. ಚರ್ಚಿನ ಕುರಿಗಳ ಉಣ್ಣೆಯಲ್ಲಿ ಪಾದ್ರಿಗೆ ಸಲ್ಲಬೇಕಾದ ದಶಮಾಂಶವನ್ನು ತನಗೆ ಬೇಡವೆಂದು ಬಿಟ್ಟುಕೊಟ್ಟು, ಆ ಹಣವನ್ನು ಉಡುಪಿನ ಹೆಸರಿನಲ್ಲಿ ಕೂಡಿಡತೊಡಗಿದ. ವರ್ಷಕ್ಕೆ ಕೆಲವು ಪೆನ್ಸು. ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು. ಇಷ್ಟು ಬಂತು, ಇಷ್ಟು ಕೂಡಿತು ಎಂದು ವರ್ಷವರ್ಷವೂ ಊರಿನ ಮುಂದೆ ಓದಿದ. ಹೀಗೆ ಸುಮಾರು 20 ವರ್ಷ. ಕೊನೆಗೆ 1547ರಲ್ಲಿ ಉಡುಪು ಬಂತು. ಅದೇ ವರ್ಷದ ಜನವರಿಯಲ್ಲಿ ಹೆನ್ರಿ ಸತ್ತು ಒಂಬತ್ತು ವರ್ಷದ ಎಡ್ವರ್ಡ್ ಪಟ್ಟಕ್ಕೆ ಬಂದಿದ್ದ. ಹುಡುಗನ ಹೆಸರಿನಲ್ಲಿ ಆಳುತ್ತಿದ್ದವರು ಹೊಸ ಮತದ ಉತ್ಸಾಹಿಗಳು. ಸತ್ತವರ ಆತ್ಮಕ್ಕಾಗಿ ಪೂಜೆ ಮಾಡಿಸುವುದು ಮೂಢನಂಬಿಕೆ ಎಂದು ಆ ವರ್ಷಾಂತ್ಯದ ಕಾಯಿದೆ ಸಾರಿತು.

ಈ ಪುಟಕ್ಕೆ ಬಂದಾಗಲೆಲ್ಲ ನನ್ನ ಮನಸ್ಸು ನಿಂತುಬಿಡುತ್ತದೆ. ಇಪ್ಪತ್ತು ವರ್ಷ ಉಣ್ಣೆಯ ಕಾಸು ಕೂಡಿಸಿದವನ ಕೈಗೆ ಉಡುಪು ಬಂದ ಹೊತ್ತಿಗೆ ಅದನ್ನು ಉಡುವ ಹಕ್ಕೇ ಕೈತಪ್ಪುತ್ತಿತ್ತು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಅರಸನ ಅಧಿಕಾರಿಗಳು ಬಂದರು, ವಿಚಾರಣೆಗೆ ಊರವರನ್ನು ಕರೆಸಿಕೊಂಡರು, ಹೋಗಿ ಬರುವ ಖರ್ಚು ಚರ್ಚಿನ ತಲೆಗೇ ಬಿತ್ತು. ಪ್ರತಿಮೆಗಳು ಹೋಗಬೇಕು, ಏಲ್ ಊಟ ನಿಲ್ಲಬೇಕು, ಸ್ಟೋರ್‌ಗಳು ಇರಕೂಡದು. ಸಂತರ ಕುರಿಗಳನ್ನು ಮಾರಿದರು. 1548ರಲ್ಲಿ ದೊಡ್ಡ ವಾರ್ಡನ್ ಸರದಿ ಬಂದದ್ದು ಲೂಸಿ ಸೀಲಿ ಎಂಬ ಹೆಂಗಸಿಗೆ. ಆಕೆಯ ಕಾಲದಲ್ಲಿ ಚರ್ಚಿನ ಸಾಮಾನುಗಳೆಲ್ಲ ಮಾರಿಹೋದವು, ಚರ್ಚಿಗೆ ಬಂದದ್ದು ಏನೂ ಇಲ್ಲ, ಹೋದದ್ದೇ ಎಲ್ಲ ಎಂಬರ್ಥದ ಮಾತನ್ನು ಟ್ರಿಕಿ ಬರೆದಿಟ್ಟ. ಅದು ಆಕೆಯ ಮೇಲಿನ ದೂರೆಂದು ನನಗೆ ತೋರುವುದಿಲ್ಲ. ಆತ ಅದನ್ನು ಕಾಲದ ಗುರುತಾಗಿ ಬಳಸುತ್ತಾನೆ. ನಮ್ಮ ಹಿರಿಯರು ಬರ ಬಂದ ವರ್ಷ, ಪ್ಲೇಗ್ ಬಂದ ವರ್ಷ ಎನ್ನುತ್ತಿದ್ದಂತೆ ಮೋರ್‌ಬಾತಿನ ಪಾಲಿಗೆ ಅದು ಲೂಸಿ ಸೀಲಿಯ ವರ್ಷ. ಮುಂದೆ ವರ್ಷಗಳ ಕಾಲ ಸಾಲ, ಕೊರತೆ, ಬರಿಗೈಯ ಮಾತು ಬಂದಾಗಲೆಲ್ಲ ಆ ವರ್ಷದಿಂದಲೇ ಎಣಿಸುತ್ತಾನೆ.

ಸೋಜಿಗವೆಂದರೆ ಲೆಕ್ಕದ ಪುಸ್ತಕವೂ ತೆಳುವಾಯಿತು. ಓದಿ ಹೇಳಲು ಹುಡುಗರ ನಿಧಿಯಿಲ್ಲ, ಹುಡುಗಿಯರ ನಿಧಿಯಿಲ್ಲ, ಕುರಿಗಳಿಲ್ಲ. ವರ್ಷಕ್ಕೆ ಹತ್ತಾರು ಜನ ಹೊಣೆ ಹೊತ್ತು ಊರ ಮುಂದೆ ನಿಲ್ಲುತ್ತಿದ್ದ ಕಡೆ ಒಬ್ಬ ವಾರ್ಡನ್ ಮಾತ್ರ ಉಳಿದ. ಧರ್ಮಸುಧಾರಣೆ ಎಂದರೆ ಮತತತ್ವದ ಬದಲಾವಣೆ ಎಂದು ಶಾಲೆಯ ಪುಸ್ತಕಗಳಲ್ಲಿ ಓದುತ್ತೇವೆ. ಎಳೆಯ ಹುಡುಗಿಯೊಬ್ಬಳು ನಾಲ್ಕು ಕಾಸಿನ ಲೆಕ್ಕ ಒಪ್ಪಿಸಿ ಊರಿನಲ್ಲಿ ತನಗೂ ಒಂದು ಸ್ಥಾನವಿದೆ ಎಂದು ತೋರಿಸುತ್ತಿದ್ದ ಅವಕಾಶ ಅದರ ಜೊತೆಗೇ ಹೋಯಿತೆಂಬುದು ಇಂಥ ಹಳ್ಳಿಯ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

1549ರ ಜೂನ್ 9, ಪೆಂತೆಕೋಸ್ತ್ ಭಾನುವಾರ. ಲ್ಯಾಟಿನ್ ಪೂಜೆಯ ಬದಲು ಇಂಗ್ಲಿಷಿನ ಹೊಸ ಪ್ರಾರ್ಥನಾ ಪುಸ್ತಕವನ್ನು ದೇಶದ ಎಲ್ಲ ಚರ್ಚುಗಳೂ ಅಂದಿನಿಂದ ಬಳಸಬೇಕಿತ್ತು. ಮರುದಿನವೇ ಡೆವನ್ನಿನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಎಂಬ ಹಳ್ಳಿಯವರು ತಮ್ಮ ಪಾದ್ರಿಗೆ ಹಳೆಯ ಉಡುಪು ತೊಡಿಸಿ ಹಳೆಯ ಪೂಜೆಯನ್ನೇ ಮಾಡಿಸಿದರು. ಕಿಚ್ಚು ಹಬ್ಬಿತು. ಪಕ್ಕದ ಕಾರ್ನ್‌ವಾಲಿನವರು ಆಗಲೇ ಎದ್ದಿದ್ದರು. ಅಲ್ಲಿ ಕಾರ್ನಿಷ್ ನುಡಿಯಾಡುವ ಎಷ್ಟೋ ಜನಕ್ಕೆ ಇಂಗ್ಲಿಷೇ ಬಾರದು, ಅವರಿಗೆ ಈ ಹೊಸ ಪುಸ್ತಕ ಪರಭಾಷೆಯದು. ಅದೇ ವರ್ಷ ಕುರಿಗಳ ಮೇಲೆ ತಲೆಗಿಷ್ಟೆಂದು ತೆರಿಗೆ ಬೇರೆ ಬಿದ್ದಿತ್ತು. ಉಣ್ಣೆ ನಂಬಿ ಬದುಕುವ ಡೆವನ್ನಿನ ರೈತನಿಗೆ ಅದು ಹೊಟ್ಟೆಗೇ ಬಿದ್ದ ಪೆಟ್ಟು. ಜುಲೈ 2ರಿಂದ ದಂಗೆಕೋರರು ಎಕ್ಸಿಟರ್ ಪಟ್ಟಣವನ್ನು ಮುತ್ತಿದರು.

ಮೋರ್‌ಬಾತ್ ಏನು ಮಾಡಿತು? 1904ರಲ್ಲಿ ಈ ಲೆಕ್ಕದ ಪುಸ್ತಕ ಅಚ್ಚಾಗಿತ್ತು. ಅಚ್ಚು ಮಾಡಿಸಿದವರು ಅದೇ ಊರ ಪಾದ್ರಿಯಾಗಿದ್ದ ಎರ್ಸ್ಕಿನ್ ಬಿನ್ನಿ. ಆದರೂ ಒಂದು ನಮೂದಿನ ತೂಕ ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಕೇಂಬ್ರಿಜ್‌ನ ಇತಿಹಾಸಕಾರ ಏಮನ್ ಡಫಿ ಮೂಲ ಹಸ್ತಪ್ರತಿಯನ್ನೇ ಎದುರಿಗಿಟ್ಟುಕೊಂಡು ಓದಿದಾಗ ಅದು ಬಾಯಿ ಬಿಟ್ಟಿತು. ಊರಿನ ಐವರು ತರುಣರಿಗೆ ಆಯುಧ ಮತ್ತು ಹಣ ಕೊಟ್ಟು ಕಳಿಸಿದ ಲೆಕ್ಕ ಅದು. ಅವರು ಹೋದದ್ದು ಸೇಂಟ್ ಡೇವಿಡ್ಸ್ ಡೌನ್ ಎಂಬ ಗುಡ್ಡದ ಬಿಡಾರಕ್ಕೆ. ಎಕ್ಸಿಟರಿನ ಗೋಡೆಯ ಹೊರಗೆ ದಂಗೆಕೋರರು ತಂಗಿದ್ದ ಜಾಗ ಅದು. ಅಂದರೆ ತಮ್ಮ ಅರಸನಿಗೆ ಎದುರಾಗಿ ಊರಿಗೆ ಊರೇ ಚರ್ಚಿನ ಹಣದಿಂದ ಮಕ್ಕಳನ್ನು ಕಳಿಸಿಕೊಟ್ಟಿತು, ಪಾದ್ರಿ ಅದನ್ನು ಎಂದಿನಂತೆ ಲೆಕ್ಕಕ್ಕೆ ಹಾಕಿಟ್ಟ. ಈ ನಮೂದು ಅಧಿಕಾರಿಗಳ ಕೈಗೆ ಸಿಕ್ಕಿದ್ದರೆ ಕುತ್ತಿಗೆಗೇ ಬರುತ್ತಿತ್ತು. ಡಫಿಯವರು 2001ರಲ್ಲಿ ಬರೆದ 'ದಿ ವಾಯ್ಸಸ್ ಆಫ್ ಮೋರ್‌ಬಾತ್' ಪುಸ್ತಕದಿಂದ ಈ ಸಂಗತಿ ಲೋಕಕ್ಕೆಲ್ಲ ತಿಳಿಯಿತು.

ಆಗಸ್ಟ್ ಮೊದಲ ವಾರದಲ್ಲಿ ಲಾರ್ಡ್ ರಸೆಲನ ಸೇನೆ ಮುತ್ತಿಗೆ ಬಿಡಿಸಿತು. ಆ ಸೇನೆಯಲ್ಲಿ ಜರ್ಮನಿ, ಇಟಲಿಯಿಂದ ತಂದ ಕೂಲಿ ಸಿಪಾಯಿಗಳಿದ್ದರು. ಕ್ಲಿಸ್ಟ್ ಬಯಲಿನಲ್ಲಿ ಸೆರೆಸಿಕ್ಕವರನ್ನು ಕೈಕಟ್ಟಿ ಕೊಂದರು. ಎಕ್ಸಿಟರಿನ ಹೊರವಲಯದ ಸೇಂಟ್ ಥಾಮಸ್ ಚರ್ಚಿನ ಪಾದ್ರಿ ರಾಬರ್ಟ್ ವೆಲ್ಷ್‌ನನ್ನು ಪೂಜಾವಸ್ತ್ರ ಉಡಿಸಿ ಅವನ ಚರ್ಚಿನ ಗೋಪುರಕ್ಕೇ ನೇಣು ಹಾಕಿದರು. ಬೇಸಿಗೆ ಮುಗಿಯುವುದರೊಳಗೆ ಆ ಸೀಮೆಯಲ್ಲಿ ಸಾವಿರಾರು ಹಳ್ಳಿಗರು ಸತ್ತರು. 33 ಮನೆಯ ಊರಿಗೆ ಐವರು ತರುಣರೆಂದರೆ ಎಷ್ಟು ದೊಡ್ಡ ಸಂಖ್ಯೆ ಎಂದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಬೇಕಿಲ್ಲ.

ಆಮೇಲೆ ಮೋರ್‌ಬಾತ್ ತಲೆಬಾಗಿತು. ಇಂಗ್ಲಿಷ್ ಪುಸ್ತಕ ಕೊಂಡರು, ಬಲಿಪೀಠ ಕೆಡವಿದರು. ಆದರೆ ಕೆಡವಿದ್ದೆಲ್ಲ ಬೆಂಕಿಗೆ ಹೋಗಲಿಲ್ಲ. 1553ರಲ್ಲಿ ಎಡ್ವರ್ಡ್ ಸತ್ತು ಮೇರಿ ಪಟ್ಟವೇರಿದಾಗ ಇದು ಹೊರಬಿತ್ತು. ಒಬ್ಬರ ಮನೆಯಿಂದ ಪ್ರತಿಮೆ ಬಂತು, ಇನ್ನೊಬ್ಬರ ಮನೆಯಿಂದ ಚಿತ್ರದ ಹಲಗೆ, ಮತ್ತೊಬ್ಬರ ಮನೆಯಿಂದ ಹಳೆಯ ಪೂಜಾಪುಸ್ತಕ. ಸಿಕ್ಕಿಬಿದ್ದರೆ ದಂಡ ಎಂದು ಗೊತ್ತಿದ್ದೂ ಹೊಲಮನೆಗಳಲ್ಲಿ ಅವುಗಳನ್ನು ಕಾಪಾಡಿಕೊಂಡಿದ್ದರು. ಟ್ರಿಕಿ ತಂದುಕೊಟ್ಟವರನ್ನು ಹೆಸರಿಟ್ಟು ಕೊಂಡಾಡುತ್ತಾನೆ. ಲೂಸಿ ಸೀಲಿಯ ವರ್ಷದಿಂದ ಚರ್ಚು ಬರಿದಾಗುತ್ತಲೇ ಬಂದ ಬಗೆಯನ್ನೂ ಮೇರಿಯ ಕಾಲದಲ್ಲಿ ಅದು ಮತ್ತೆ ಚಿಗುರಿದ್ದನ್ನೂ ನೆಮ್ಮದಿಯಿಂದ ಬರೆಯುತ್ತಾನೆ. ಕಪ್ಪು ಉಡುಪನ್ನು ತೊಟ್ಟು ಸತ್ತವರ ಪೂಜೆ ನಡೆಸುವ ಕಾಲವೂ ಮರಳಿತು.

ಅದು ಐದೇ ವರ್ಷದ ಭಾಗ್ಯ. 1558ರ ನವೆಂಬರಿನಲ್ಲಿ ಮೇರಿ ಸತ್ತಳು. ಎಲಿಜಬೆತಳ ಆಳ್ವಿಕೆಯಲ್ಲಿ ಮತ್ತೆ ಇಂಗ್ಲಿಷ್ ಪುಸ್ತಕ, ಮತ್ತೆ ಬೋಳು ಗೋಡೆ. ಟ್ರಿಕಿಗೆ ಆಗ ಅರವತ್ತು ದಾಟಿತ್ತು. ಹುದ್ದೆ ಬಿಟ್ಟು ಹೋದ ಪಾದ್ರಿಗಳಿದ್ದರು, ದೇಶವನ್ನೇ ಬಿಟ್ಟು ಹೋದವರಿದ್ದರು. ಈತ ಎರಡನ್ನೂ ಮಾಡಲಿಲ್ಲ. ಗಾಳಿ ಬಂದತ್ತ ತೂರಿಕೊಂಡವನೆಂದು ಇಂಥವರನ್ನು ತಳ್ಳಿಹಾಕುವುದು ಸುಲಭ. ನಾನು ಆ ಮಾತನ್ನು ಒಪ್ಪಲಾರೆ. ಊರಿನ ಅರ್ಧದಷ್ಟು ಜನಕ್ಕೆ ಆತನೇ ದೀಕ್ಷಾಸ್ನಾನ ಮಾಡಿಸಿದ್ದ, ಅವರ ಅಪ್ಪ ಅಮ್ಮಂದಿರನ್ನು ಆತನೇ ಮಣ್ಣು ಮಾಡಿದ್ದ. ಆತನ ಧರ್ಮಕ್ಕೆ ರೋಮ್ ಒಂದು ತುದಿಯಾದರೆ ಮೋರ್‌ಬಾತ್ ಇನ್ನೊಂದು ತುದಿ. ಎರಡರಲ್ಲಿ ಒಂದನ್ನು ಬಿಡಲೇಬೇಕಾದಾಗ ಆತ ಊರನ್ನು ಹಿಡಿದುಕೊಂಡ.

ಎಲಿಜಬೆತಳ ಕಾಲದ ಪುಟಗಳಲ್ಲೂ ಅದೇ ಕೈಬರಹ, ಅದೇ ದನಿ. ಹೊಸ ಪ್ರಾರ್ಥನಾ ಪುಸ್ತಕಕ್ಕೆ ಹಣ ಕೊಟ್ಟವರನ್ನು ಒಂದು ಕಾಲದಲ್ಲಿ ಸಿಡ್ವೆಲ್‌ಳಿಗೆ ಉಂಗುರ ಕೊಟ್ಟವರನ್ನು ಹೊಗಳಿದಷ್ಟೇ ಪ್ರೀತಿಯಿಂದ ಹೊಗಳುತ್ತಾನೆ. ಟೈಮ್‌ವೆಲ್, ಮೋರ್ಸ್, ನಾರ್ಮನ್ ಮನೆಗಳ ಮೊಮ್ಮಕ್ಕಳು ಈಗ ವಾರ್ಡನ್‌ಗಳು.

ಸಂತ ಜಾರ್ಜನ ಚರ್ಚು ಇಂದಿಗೂ ಗುಡ್ಡದ ಮೇಲಿದೆ. ಅದರ ಗೋಪುರಕ್ಕೆ ಮನೆಯ ಮಾಡಿನಂತೆ ಎರಡು ಕಡೆ ಇಳಿಜಾರಾದ ಚಾವಣಿ. 19ನೆಯ ಶತಮಾನದ ಜೀರ್ಣೋದ್ಧಾರದಲ್ಲಿ ಒಳಗಿನ ಹಳೆಯದು ಬಹುಪಾಲು ಅಳಿಸಿಹೋಯಿತು. ಸಿಡ್ವೆಲ್ ನಿಂತಿದ್ದ ಜಾಗವನ್ನು ತೋರಿಸುವ ಪ್ರತಿಮೆಯಿಲ್ಲ, ದೀಪವಿಲ್ಲ. 1574ರಲ್ಲಿ ಟ್ರಿಕಿಯನ್ನು ಹೂಳಿದ್ದು ಇದೇ ಚರ್ಚಿನೊಳಗೆ, ಬಲಿಪೀಠವಿದ್ದ ಭಾಗದಲ್ಲಿ. ಆತನ ಲೆಕ್ಕದ ಪುಸ್ತಕ ಅದರ ಹಿಂದಿನ ವರ್ಷ, 1573ಕ್ಕೆ ಮುಗಿಯುತ್ತದೆ.